ಏನೂ ಇಲ್ಲದ ಒಳಕೋಣೆ

ಅಕ್ಟೋಬರ್ 13, 2024, ಭಾನುವಾರ

ಇವತ್ತು ಸಭೆಯಲ್ಲಿ ಎಲ್ಲರ ಮುಂದೆ ನನ್ನ ಹೆಸರು ಕರೆದರು. ಈಗ ನೆನೆಸಿಕೊಂಡರೂ ಕಿವಿ ಬಿಸಿಯಾಗುತ್ತದೆ.

ನಾವು ಹೋಗುವ ಟೊರೆನ್ಸಿನ ಚರ್ಚು ಬೆಳಿಗ್ಗೆ ಅಮೆರಿಕದವರದು, ಮಧ್ಯಾಹ್ನದ ಮೇಲೆ ನಮ್ಮ ಕನ್ನಡದ ನಾಲ್ಕಾರು ಮನೆಗಳದು. ನಾನು ಯಾವಾಗಲೂ ಕಡೆಯ ಸಾಲಿನಲ್ಲಿ, ಬಾಗಿಲ ಪಕ್ಕ ಕೂರುವವಳು. ಪ್ರಾರ್ಥನೆ ಮುಗಿದ ಮೇಲೆ ಸಭೆಯ ಹಿರಿಯರಾದ ರಾಚಯ್ಯ ಅಂಕಲ್ ಎದ್ದು ನಿಂತರು. ಥ್ಯಾಂಕ್ಸ್‌ಗಿವಿಂಗ್ ರಜೆಯಲ್ಲಿ ಸ್ಯಾನ್ ಡಿಯಾಗೊ ಕಡೆಯ ರಾಂಚೊ ಬರ್ನಾರ್ಡೊದಲ್ಲಿರುವ ನಮ್ಮ ಸಭೆಯ ಚೈತನ್ಯಾ ಅವರ ಹಿತ್ತಲಲ್ಲಿ ಮಕ್ಕಳ ಶಿಬಿರವಂತೆ. ಬೈಬಲಿನಲ್ಲಿ ಬರುವ, ಮೋಶೆಯ ಕಾಲದ ದೇವದರ್ಶನದ ಗುಡಾರವನ್ನು ಅಲ್ಲಿ ಕಟ್ಟುತ್ತಾರಂತೆ, ಮಕ್ಕಳು ಒಳಗೆ ಹೋಗಿಬರುವಷ್ಟು ದೊಡ್ಡದಾಗಿ.

"ಕಂಬ ನಾನು ಮಾಡ್ತೀನಿ. ಒಳಗಿನ ತೆರೆ ಹೊಲಿಯೋಕೆ ನಮ್ಮ ವಂದನಾ ಅವಳೆ. ಏನವ್ವಾ, ಹೊಲ್ಕೊಡ್ತೀಯಲ್ಲ?"

ತಲೆಯಾಡಿಸಿದೆ. ಬೇರೆ ಏನು ಮಾಡಲಿ, ಎಲ್ಲರೂ ತಿರುಗಿ ನೋಡುತ್ತಿದ್ದರು.

ಹೊರಗೆ ಕಾರಿನ ಹತ್ತಿರ ಅಂಕಲ್ ಬಿಡಿಸಿ ಹೇಳಿದರು. ಗುಡಾರಕ್ಕೆ ಎರಡು ಕೋಣೆ. ಮುಂದಿನದು ಪವಿತ್ರಸ್ಥಾನ. ಅಲ್ಲಿಗೆ ಯಾಜಕರು ದಿನವೂ ಹೋಗಿ ದೀಪ ಹಚ್ಚುತ್ತಿದ್ದರು. ಹಿಂದಿನದು ಮಹಾಪವಿತ್ರಸ್ಥಾನ. ಎರಡರ ನಡುವೆ ಈ ತೆರೆ. ಅದರಾಚೆಗೆ ಮಹಾಯಾಜಕ ಒಬ್ಬನೇ ಹೋಗಬಹುದು, ಅದೂ ವರ್ಷಕ್ಕೆ ಒಂದೇ ದಿನ. ವುಡ್‌ಲ್ಯಾಂಡ್ ಹಿಲ್ಸ್‌ನಲ್ಲಿ ಅಂಕಲ್‌ರ ಪಕ್ಕದ ಮನೆಯ ಮುದುಕರು ಯೆಹೂದ್ಯರು. ನಿನ್ನೆಯೇ ಅವರಿಗೆ ಆ ದಿನವಂತೆ, ಉಪವಾಸವಿದ್ದರಂತೆ. "ಯೆರೂಸಲೇಮಿನ ಅವರ ಗುಡಿ ಹೋಗಿ ಎರಡು ಸಾವಿರ ವರ್ಷ ಆಗ್ತಾ ಬಂತು. ದಿನ ಮಾತ್ರ ಬಿಟ್ಟಿಲ್ಲ ನೋಡು" ಎಂದರು.

ನನ್ನ ತಲೆಯಲ್ಲಿ ಬಂದದ್ದು ಬೇರೆ. ವರ್ಷವೆಲ್ಲ ಮುಚ್ಚಿದ ಕೋಣೆಯ ಧೂಳು ಯಾರು ತೆಗೆಯುತ್ತಿದ್ದರು? ಕೇಳಲಿಲ್ಲ.

ಅಕ್ಟೋಬರ್ 16, ಬುಧವಾರ

ಆರ್ಟೀಷಿಯಾದ ಇಂಡಿಯಾ ಅಂಗಡಿಯಿಂದ ತೆರೆಗೆ ಬಟ್ಟೆ ತಂದಾಯಿತು. ನೀಲಿ, ನೇರಳೆ, ಕೆಂಪು. ನನ್ನ ಗಂಡ ಸುಜಯ್ ನಿದ್ದೆ ಬಿಟ್ಟು ಕರೆದುಕೊಂಡು ಹೋದರು. ಇವರು ಆಸ್ಪತ್ರೆಯಲ್ಲಿ ನರ್ಸ್, ಯಾವಾಗಲೂ ರಾತ್ರಿಯ ಪಾಳಿ. ಬೆಳಿಗ್ಗೆ ಬಂದು ಹಾಲ್‌ನ ಸೋಫಾದ ಮೇಲೆ ಕಣ್ಣಿಗೆ ಟವೆಲ್ ಹಾಕಿಕೊಂಡು ಮಲಗುತ್ತಾರೆ. ಮಲಗಿದರೆಂದರೆ ಕೆಳಗೆ ಎಲೆ ಊದುವ ಯಂತ್ರದವರು ಬರುತ್ತಾರೆ. ಅವರು ಹೋದರೆ ಕಸದ ಲಾರಿ. ಮಲಗುವ ಕೋಣೆಯಲ್ಲಿ ಬೆಳಗಿನಿಂದ ಬಿಸಿಲು, ಜೊತೆಗೆ ನನ್ನ ಹೊಲಿಗೆ ಮಿಶನ್ನು.

ಮೊದಲು ಅವರು ಹಗಲು ಮಲಗುತ್ತಿದ್ದುದು ಹಿಂದಿನ ಕೋಣೆಯಲ್ಲಿ. ಅದರ ಕಿಟಕಿಗೆ ಪಕ್ಕದ ಕಟ್ಟಡದ ಗೋಡೆ ಅಡ್ಡ. ಮಧ್ಯಾಹ್ನವೂ ತಂಪು, ಕತ್ತಲೆ. ನನಗೆ ಏಳು ತಿಂಗಳು ತುಂಬಿದಾಗ ಅವರೇ ತಮ್ಮ ಹಾಸಿಗೆ ಹೊರಗೆ ತಂದು, ಗೋಡೆಗೆ ತಿಳಿ ಹಳದಿ ಬಣ್ಣ ಬಳಿದು, ಕೋಣೆಯನ್ನು ಬರಿದು ಮಾಡಿದರು. ಒಳಗೆ ಏನನ್ನೂ ಇಡಲಿಲ್ಲ. ಹುಟ್ಟುವ ಮೊದಲು ತೊಟ್ಟಿಲು ತರಬಾರದು, ಅಂಗಿ ಹೊಲಿಯಬಾರದು, ಹೆಸರು ಎತ್ತಬಾರದು. ನಮ್ಮ ಬೆಟಗೇರಿಯಲ್ಲಿ ಹಾಗೆ, ಕ್ರೈಸ್ತರ ಮನೆಯಲ್ಲೂ ಹಾಗೆಯೇ. ಅಮೆರಿಕದ ಹೆಂಗಸರು ಪಾರ್ಟಿ ಮಾಡಿ ಉಡುಗೊರೆ ಕೊಡುತ್ತೇವೆಂದರು. ಬೇಡವೆಂದೆವು.

ಏಪ್ರಿಲ್‌ನಲ್ಲಿ ಕೂಸು ಉಸಿರಿಲ್ಲದೆ ಹುಟ್ಟಿತು. ಆಸ್ಪತ್ರೆಯವರು ಹೆಸರು ಏನೆಂದು ಬರೆಯಬೇಕು ಎಂದು ಕೇಳಿದಾಗ ಇಬ್ಬರೂ ಏನೂ ಬರೆಸಲಿಲ್ಲ. ಮನೆಗೆ ಬಂದವಳು ಆ ಬಾಗಿಲು ಎಳೆದೆ. ಅವತ್ತಿನಿಂದ ತೆಗೆದಿಲ್ಲ.

ಸುಜಯ್ ಒಂದು ದಿನವೂ ತಮ್ಮ ಹಾಸಿಗೆಯ ಮಾತು ಎತ್ತಿಲ್ಲ. ಒಳಗೆ ತೊಟ್ಟಿಲೋ ಅಂಗಿಯೋ ಇದ್ದಿದ್ದರೆ, ಅದನ್ನು ನೋಡಲಾರೆ ಎಂದು ಹೇಳಬಹುದಿತ್ತು. ಏನೂ ಇಲ್ಲದ ಕೋಣೆಗೆ ಹೆದರುತ್ತೇನೆಂದು ಯಾರ ಹತ್ತಿರ ಹೇಳುವುದು.

ಆಸ್ಪತ್ರೆಯಲ್ಲಿ ಮಾತಾಡಿಸಲು ಬರುತ್ತಿದ್ದ ಹೆಂಗಸು ದಿನಾ ಬರಿ, ನಿನ್ನ ಭಾಷೆಯಲ್ಲೇ ಬರಿ ಎಂದಿದ್ದಳು. ಏಳನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಕಾಗುಣಿತ ತಪ್ಪಿದರೂ ನೋಡುವವರಿಲ್ಲ ಎನ್ನುವುದೇ ಧೈರ್ಯ.

ಅಕ್ಟೋಬರ್ 26, ಶನಿವಾರ

ರಾಚಯ್ಯ ಅಂಕಲ್, ಅವರ ಹೆಂಡತಿ ಶಿವಕ್ಕ ಆಂಟಿ ತೆರೆ ನೋಡಲು ಬಂದಿದ್ದರು. ಹತ್ತು ದಿನದ ಕೆಲಸ. ಹೆಮ್ಮೆಯಿಂದ ಸೋಫಾದ ಮೇಲೆ ಬಿಡಿಸಿದೆ. ಅಂಕಲ್ ಕನ್ನಡಕ ಸರಿಮಾಡಿಕೊಂಡರು.

"ಅಯ್ಯೋ, ಎರಡು ಪಾಲು ಮಾಡ್ಬುಟ್ಟಿದ್ದೀಯಲ್ಲವ್ವಾ!"

ಬಾಗಿಲ ಪರದೆ ಎಂದರೆ ನನ್ನ ಪಾಲಿಗೆ ಎರಡು ಪಾಲು. ನಡುವೆ ಸರಿಸಬೇಕು, ಒಳಗೆ ಹೋಗಬೇಕು. ಅಮ್ಮ ಹೊಲಿದದ್ದು, ನಾನು ಹೊಲಿದದ್ದು ಎಲ್ಲ ಹಾಗೆಯೇ. ಬೇರೆ ತರಹ ಇರಬಹುದೆಂದು ಹೊಳೆಯಲೇ ಇಲ್ಲ.

"ಅದು ಒಂದೇ ತೆರೆ ಕಣವ್ವ. ಅದು ನಡುವೆ ಹರಿದು ಎರಡಾದದ್ದು ಎಷ್ಟೋ ಕಾಲ ಆದಮೇಲೆ, ಯೇಸು ಪ್ರಾಣ ಬಿಟ್ಟಾಗ. ದೇವರು ಹರಿಯೋಕೆ ಮುಂಚೇನೇ ನೀನು ಹರಿದು ಕೊಟ್ಬುಟ್ಟೆ!"

"ಸುಮ್ನಿರಿ" ಎಂದರು ಶಿವಕ್ಕ ಆಂಟಿ. "ಅಂಗಿ ಗುಂಡಿ ಕಿತ್ತೋದ್ರೆ ನನ್ನ ಹುಡುಕ್ಕೊಂಡು ಬರೋರು, ಹೊಲಿಗೆ ಬಗ್ಗೆ ಮಾತಾಡ್ತೀರಾ?"

ನನಗೂ ನಗು ಬಂತು. ಧೈರ್ಯ ಮಾಡಿ ಕೇಳಿದೆ. "ನಡುವ ಸಂದು ಇಲ್ಲಂದ್ರ ಒಳಗ ಹೋಗೂದು ಎಲ್ಲಿಂದ್ರಿ ಅಂಕಲ್?"

"ಅಂಚಿಂದ. ತೆರೆ ಮುಟ್ಕೊಂಡು ಪಕ್ಕಕ್ಕೇ ನಡೀಬೇಕು. ಗೋಡೆ ಹತ್ರ ಹೋದಾಗ ದಾರಿ ಸಿಕ್ತದೆ."

ಆಗ ಹಿಂದಿನ ಕೋಣೆಯಿಂದ ಕೀಂವ್ ಎಂದಿತು. ಸ್ವಲ್ಪ ಹೊತ್ತಿಗೆ ಮತ್ತೆ ಕೀಂವ್.

"ಹಕ್ಕಿ ಗಿಕ್ಕಿ ಸಾಕಿದ್ದೀಯೇನವ್ವಾ?" ಎಂದರು ಆಂಟಿ.

"ಇಲ್ರಿ, ಬಾಜೂ ಮನೀದು" ಎಂದೆ. ಹಿರಿಯರಿಗೆ ಸುಳ್ಳು ಹೇಳಿದೆ.

ಎರಡು ಪಾಲನ್ನು ಕೂಡಿಸಿದೆ. ನಡುವಿನ ಹೊಲಿಗೆ ಕಾಣುತ್ತದೆ. ಅದರ ಮೇಲೆ ಕೆರೂಬಿಗಳೆನ್ನುವ ದೇವದೂತರ ರೆಕ್ಕೆ ಬರುವ ಹಾಗೆ ತೇಪೆ ಹಾಕಬೇಕು.

ಅಕ್ಟೋಬರ್ 28, ಸೋಮವಾರ

ಕೀಂವ್ ಎನ್ನುತ್ತಿರುವುದು ಹಿಂದಿನ ಕೋಣೆಯ ಸೂರಿನಲ್ಲಿರುವ ಸ್ಮೋಕ್ ಅಲಾರಂ, ಹೊಗೆ ಎದ್ದರೆ ಎಚ್ಚರಿಸುವುದು. ಬ್ಯಾಟರಿ ಮುಗಿಯುತ್ತ ಬಂದರೆ ಹೀಗೆ ಬಿಟ್ಟು ಬಿಟ್ಟು ಕೂಗುತ್ತದೆ. ಸುಜಯ್ ಆಸ್ಪತ್ರೆಯಿಂದ ಬರುವಾಗ ಹೊಸ ಬ್ಯಾಟರಿ ತಂದು ಊಟದ ಮೇಜಿನ ಮೇಲಿಟ್ಟರು.

"ನೀವ ಹೋಗಿ ಹಾಕಿ ಬರ್ರಿ" ಎಂದೆ, ಪಾತ್ರೆ ತೊಳೆಯುತ್ತ, ಅವರ ಕಡೆ ನೋಡದೆ.

"ನಿನ್ನ ಬಿಟ್ಟು ನಾ ಒಳಗ ಹೋಗಂಗಿಲ್ಲ ವಂದೂ."

"ಮತ್ತ ನಿದ್ದಿ ಹೆಂಗ ಮಾಡತೀರಿ?"

"ಆಸ್ಪತ್ರ್ಯಾಗ ರಾತ್ರಿ ಪೂರಾ ಇಂಥಾವು ಹತ್ತು ಕೂಗತಾವ. ಇದೊಂದು ಕೂಗಿದ್ರ ಏನಾತು? ರೂಢಿ ಐತಿ."

ಟವೆಲ್ ಹಾಕಿಕೊಂಡು ಮಲಗಿದರು. ಅದು ಕೂಗಿದಾಗಲೆಲ್ಲ ಅವರ ಕಾಲಿನ ಬೆರಳು ಅಲುಗುತ್ತಿತ್ತು.

ಅಕ್ಟೋಬರ್ 29, ಮಂಗಳವಾರ

ಕೂಗುತ್ತಿದೆ.

ಅಕ್ಟೋಬರ್ 31, ಗುರುವಾರ

ಹ್ಯಾಲೋವೀನ್. ಮಕ್ಕಳು ಬಾಗಿಲು ತಟ್ಟಿದವು, ಚಾಕೊಲೇಟ್ ಕೊಟ್ಟೆ. ಅಪ್ಪನ ತೋಳಿನಲ್ಲಿದ್ದ ಒಂದು ಪುಟ್ಟದಕ್ಕೆ ಜೇನುಹುಳದ ಅಂಗಿ ಹಾಕಿದ್ದರು. ಹೊಲಿಗೆ ಬಿಟ್ಟುಕೊಂಡಿತ್ತು, ಒಂದು ರೆಕ್ಕೆ ಜೋತಾಡುತ್ತಿತ್ತು. ಒಳಗೆ ಕರೆದು ಎರಡು ಹೊಲಿಗೆ ಹಾಕಿಕೊಡೋಣವೆನ್ನಿಸಿತು. ಕರೆಯಲಿಲ್ಲ.

ನವೆಂಬರ್ 3, ಭಾನುವಾರ

ಇವತ್ತು ಅಂಕಲ್ ಮಕ್ಕಳಿಗೆ ಗುಡಾರದ ಪಾಠ ಮಾಡಿದರು. ಇಲ್ಲಿಯ ಮಕ್ಕಳಿಗೆ ಕನ್ನಡ ತಿಳಿಯುತ್ತದೆ, ಬಾಯಿ ತೆರೆದರೆ ಇಂಗ್ಲಿಷ್. ಚೈತನ್ಯಾ ಅವರ ಮಗಳು ಮೇದಿನಿ ಎಲ್ಲರಿಗಿಂತ ಮುಂದೆ ಕೂತಿದ್ದಳು.

"ಒಳಗಿನ ಕೋಣೆ ಅಂದ್ರೆ ಹೇಗೆ ಗೊತ್ತಾ? ನಿಮ್ಮ ಫ್ರೆಂಡ್ಸ್ ದೇವಸ್ಥಾನಕ್ಕೆ ಹೋಗ್ತಾರಲ್ಲ, ಅಲ್ಲಿ ಗರ್ಭ..." ಎಂದವರು ನನ್ನ ಕಡೆ ನೋಡಿ ಅಲ್ಲಿಗೇ ನಿಲ್ಲಿಸಿದರು. "ಅಲ್ಲಿ ಒಳಗಡೆ ಒಂದು ರೂಮ್ ಇರ್ತದಲ್ಲ, ಹಂಗೆ" ಎಂದು ಮುಗಿಸಿದರು. ಪಾಪ, ಕಿವಿ ಕೆಂಪಾದವು. ನಾನು ತಲೆ ತಗ್ಗಿಸಿ ಬೆರಳಿನ ಸೂಜಿಗಾಯ ನೋಡಿಕೊಂಡೆ.

"ವಾಟ್ಸ್ ಇನ್‌ಸೈಡ್?" ಎಂದಳು ಮೇದಿನಿ.

ಚಿನ್ನದ ತಗಡು ಹೊದಿಸಿದ ಒಂದು ಪೆಟ್ಟಿಗೆ, ಅದಕ್ಕೆ ಮಂಜೂಷ ಎನ್ನುತ್ತಾರೆ. ಒಳಗೆ ದೇವರ ಹತ್ತು ಆಜ್ಞೆ ಕೆತ್ತಿದ ಕಲ್ಲಿನ ಹಲಗೆ. ಮುಚ್ಚಳದ ಮೇಲೆ ರೆಕ್ಕೆ ಚಾಚಿದ ಎರಡು ಕೆರೂಬಿಗಳು. ದೇವರ ಮೂರ್ತಿ ಇಲ್ಲ. ರೆಕ್ಕೆಗಳ ನಡುವೆ ಬರೀ ಜಾಗ, ದೇವರು ಅಲ್ಲಿಂದ ಮಾತಾಡುತ್ತಿದ್ದನೆಂದು ನಂಬಿಕೆ. ಆಮೇಲೆ ಯೆರೂಸಲೇಮಿನಲ್ಲಿ ಕಲ್ಲಿನ ಗುಡಿ ಕಟ್ಟಿ ಮಂಜೂಷವನ್ನು ಒಳಗಿಟ್ಟರು. ಶತ್ರುಗಳು ಬಂದು ಗುಡಿ ಸುಟ್ಟರು. ಮಂಜೂಷ ಏನಾಯಿತೋ ಯಾರಿಗೂ ತಿಳಿಯದು. ಸೆರೆಹೋಗಿದ್ದ ಜನ ತಿರುಗಿ ಬಂದು ಎರಡನೇ ಗುಡಿ ಕಟ್ಟಿದರು. ಒಳಕೋಣೆಯನ್ನೂ ಕಟ್ಟಿದರು.

"ಸೋ ವಾಟ್ ಡಿಡ್ ದೆ ಪುಟ್ ದೇರ್?"

"ಏನೂ ಇಡಲಿಲ್ಲಮ್ಮ. ಇಡೋಕೆ ಏನೂ ಇರಲಿಲ್ಲ. ಆದ್ರೂ ವರ್ಷಕ್ಕೊಂದು ಸಲ ಮಹಾಯಾಜಕ ಸ್ನಾನ ಮಾಡಿ, ಬಿಳಿ ನಾರುಬಟ್ಟೆ ಉಟ್ಕೊಂಡು, ಧೂಪ ಹಿಡ್ಕೊಂಡು ಒಳಗೆ ಹೋಗ್ತಿದ್ದ. ನೂರಾರು ವರ್ಷ."

"ಏನೂ ಇಲ್ಲಂದ್ರ ಯಾಕ ಹೋಗತಿದ್ರು?"

ಎಲ್ಲರೂ ತಿರುಗಿದರು. ಕೇಳಿದ್ದು ನಾನು. ಈ ಸಭೆಯಲ್ಲಿ ಇಷ್ಟು ದಿನದಲ್ಲಿ ನಾನು ಜೋರಾಗಿ ಆಡಿದ ಮೊದಲ ಮಾತು ಇದೇ ಇರಬೇಕು.

ಅಂಕಲ್ ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡರು. "ಗೊತ್ತಿಲ್ಲ ಕಣವ್ವ. ನಾನೂ ಯೋಚನೆ ಮಾಡಿಲ್ಲ. ನಮ್ಮ ಪಕ್ಕದ್ಮನೆ ಯಜಮಾನ್ರನ್ನ ಕೇಳಿ ಹೇಳ್ತೀನಿ."

ನವೆಂಬರ್ 8, ಶುಕ್ರವಾರ

ಕೆಳಗಿನ ಮನೆಯ ಲೀಲಾ ಆಂಟಿ ಮಜ್ಜಿಗೆಹುಳಿ ಹಿಡಿದುಕೊಂಡು ಬಂದರು. ಮೈಸೂರಿನವರು, ಡಾಕ್ಟರಾಗಿ ನಿವೃತ್ತರಾದವರು. ಏಪ್ರಿಲ್‌ನಲ್ಲಿ ನನ್ನನ್ನು ಕಾರಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದವರು ಅವರೇ.

"ಏನಮ್ಮಾ ಅದು ಕೀಂವ್ ಕೀಂವ್? ನಮ್ಮನೇದು ಅಂದ್ಕೊಂಡು ಸ್ಟೂಲ್ ಹತ್ತಿ ಎಲ್ಲಾ ರೂಮಿಂದೂ ಬ್ಯಾಟರಿ ಬದಲಾಯಿಸಿದೆ. ಈ ವಯಸ್ಸಲ್ಲಿ ಸರ್ಕಸ್ಸು! ಮ್ಯಾನೇಜರ್‌ಗೆ ಫೋನ್ ಮಾಡ್ಲಾ? ಯಾರಾದ್ರೂ ಬಂದು ಹಾಕಿ ಹೋಗ್ತಾರೆ."

"ಬ್ಯಾಡ್ರಿ ಆಂಟಿ. ನಾವ ಹಾಕತೀವಿ."

ಆಂಟಿ ಮುಚ್ಚಿದ ಬಾಗಿಲು ನೋಡಿದರು. ಮೇಜಿನ ಮೇಲಿನ ಬ್ಯಾಟರಿ ನೋಡಿದರು. ಸೋಫಾದ ಮೇಲೆ ಟವೆಲ್ ಮುಚ್ಚಿಕೊಂಡಿದ್ದ ಸುಜಯ್‌ರನ್ನು ನೋಡಿದರು. ಹೊರಡುವಾಗ ಹೊರಬಾಗಿಲ ಹತ್ತಿರ ದನಿ ತಗ್ಗಿಸಿ ಹೇಳಿದರು. "ನಿನ್ನ ಗಂಡ ಹೇಗೆ ಬಿಳಿಚಿಕೊಂಡಿದಾನೆ ನೋಡಿದ್ಯಾ? ನಿದ್ದೆ ಇಲ್ಲದೋನು ದಿನಾ ಫ್ರೀವೇನಲ್ಲಿ ಓಡಾಡ್ತಾನೆ ವಂದನಾ. ಅವನು ಹೇಳಲ್ಲ. ನಾನು ಹೇಳ್ತಿದೀನಿ."

ಸಿಟ್ಟು ಬಂತು. ಅವರಿಗೇನು ಗೊತ್ತು. ಅವರ ಪಾತ್ರೆಯನ್ನು ತೊಳೆದು ಮೂಲೆಗಿಟ್ಟೆ, ಕೊಡಲು ಹೋಗಲಿಲ್ಲ. ಹುಳಿ ಮಾತ್ರ ಚೆನ್ನಾಗಿತ್ತು.

ನವೆಂಬರ್ 14, ಗುರುವಾರ

ಸುಜಯ್ ಬರುವುದು ತಡವಾಯಿತು. ಮೇಲಿನಿಂದ ನೋಡಿದೆ, ಕಾರಿನ ಎಡಗಡೆಯ ಕನ್ನಡಿ ತಂತಿಯಲ್ಲಿ ನೇತಾಡುತ್ತಿತ್ತು.

"ಏನಾತ್ರಿ?"

"ಏನಿಲ್ಲ. ಫ್ರೀವೇ ನಡುವಿನ ಗ್ವಾಡಿ ತಾನ ಬಂದು ಕಾರಿಗೆ ಮುತ್ತು ಕೊಟ್ಟು ಹೋತು."

ನಗಿಸಲು ನೋಡಿದರು. ನಾನು ನಗಲಿಲ್ಲ. ಆಮೇಲೆ ನಿಜ ಹೇಳಿದರು, ಕಣ್ಣು ಮುಚ್ಚಿತ್ತಂತೆ. ಎಷ್ಟು ಹೊತ್ತೋ ಗೊತ್ತಿಲ್ಲವಂತೆ. ಚಪಾತಿ ಅರ್ಧಕ್ಕೇ ಬಿಟ್ಟು ಟವೆಲ್ ಹಾಕಿಕೊಂಡು ಮಲಗಿದರು.

ಬ್ಯಾಟರಿ ಕೈಗೆ ತೆಗೆದುಕೊಂಡು ಆ ಬಾಗಿಲವರೆಗೆ ಹೋದೆ. ಹಿಡಿಕೆ ತಣ್ಣಗಿತ್ತು. ಅಲ್ಲೇ ನಿಂತೆ. ತಿರುಗಿ ಬಂದು ಬ್ಯಾಟರಿಯನ್ನು ಮೇಜಿನ ಮೇಲಿಟ್ಟೆ.

ನಾನು ಕೆಟ್ಟವಳು.

ನವೆಂಬರ್ 17, ಭಾನುವಾರ

ಅಂಕಲ್ ಸಭೆ ಮುಗಿದ ಮೇಲೆ ನನ್ನನ್ನು ಹುಡುಕಿಕೊಂಡು ಕಡೆಯ ಸಾಲಿಗೆ ಬಂದರು. ಪಕ್ಕದ ಮನೆಯ ಮುದುಕರನ್ನು ಕೇಳಿದರಂತೆ. ಏನೂ ಇಲ್ಲದ ಕಡೆ ಯಾಕೆ ಹೋಗುತ್ತಿದ್ದರೆಂದು ಅವರಿಗೂ ಸರಿಯಾಗಿ ಗೊತ್ತಿಲ್ಲವಂತೆ. "ಇದ್ದದ್ದು ಹೋದಮೇಲೂ ಜಾಗಕ್ಕೆ ಮರ್ಯಾದೆ ಕೊಡಬೇಕಲ್ಲ ಅಂದ್ರು" ಎಂದರು.

"ಇನ್ನೊಂದು ವಿಷ್ಯ ಹೇಳಿದ್ರು ಕಣವ್ವ. ಮಹಾಯಾಜಕ ಧೂಪ ಇಟ್ಟು ಹೊರಗಿನ ಕೋಣೆಗೆ ಬಂದು ಒಂದು ಪ್ರಾರ್ಥನೆ ಮಾಡ್ತಿದ್ನಂತೆ, ಚಿಕ್ಕದು. ಉದ್ದ ಮಾಡ್ತಿರಲಿಲ್ಲ. ಯಾಕೇಳು?"

"ಯಾಕ್ರಿ?"

"ಅಂಗಳದಲ್ಲಿ ಜನ ಕಾಯ್ತಾ ಇರ್ತಾರಲ್ಲ. ತಡ ಆದ್ರೆ ಒಳಗೆ ಸತ್ತೇ ಹೋದ್ನೇನೋ ಅಂತ ಹೆದರ್ಕೊತಾರೆ. ಅವ್ರು ಹೆದರಬಾರದು ಅಂತ ಬೇಗ ಬಂದ್ಬುಡ್ತಿದ್ದ."

ದಾರಿಯುದ್ದಕ್ಕೂ ಅದೇ ತಲೆಯಲ್ಲಿತ್ತು. ವರ್ಷಕ್ಕೆ ಒಂದು ಸಲ ದೇವರ ಹತ್ತಿರ ಹೋದವನು, ಹೊರಗಿನವರು ಹೆದರುತ್ತಾರೆಂದು ಬೇಗ ಬರುವುದು. ಸುಜಯ್ ಸಿಗ್ನಲ್‌ನಲ್ಲಿ ಎರಡೂ ಕೈಯಿಂದ ಕಣ್ಣುಜ್ಜಿಕೊಳ್ಳುತ್ತಿದ್ದರು.

ಲೀಲಾ ಆಂಟಿಯ ಪಾತ್ರೆ ಕೊಟ್ಟು ಬಂದೆ. ಶಿಬಿರಕ್ಕೆ ಬರುತ್ತೀರಾ ಎಂದು ಕೇಳಿದೆ. "ನಾನು ಹಿಂದೂ ಕಣಮ್ಮ, ಪರವಾಗಿಲ್ವಾ?" ಎಂದರು. "ಊಟಕ್ಕ ಬರ್ರಿ" ಎಂದೆ. ಜೋರಾಗಿ ನಕ್ಕರು.

ನವೆಂಬರ್ 29, ಶುಕ್ರವಾರ

ಎಲ್ಲವನ್ನೂ ಬರೆದಿಡಬೇಕು.

ಇವತ್ತು ಶಿಬಿರ. ಸುಜಯ್ ರಾತ್ರಿ ಪಾಳಿ ಮುಗಿಸಿ ನೇರವಾಗಿ ಬಂದಿದ್ದರು. ಲೀಲಾ ಆಂಟಿ ಅವರ ಕೈಯಿಂದ ಕೀಲಿ ಕಸಿದುಕೊಂಡರು. "ಸ್ಟಿಯರಿಂಗ್ ಮುಟ್ಟಿದ್ರೆ ನೋಡು. ಹಿಂದೆ ಕೂತ್ಕೋ." ಸ್ಯಾನ್ ಡಿಯಾಗೊವರೆಗೆ ಅವರೇ ಡ್ರೈವ್ ಮಾಡಿದರು, ದಾರಿಯುದ್ದಕ್ಕೂ ಬೇರೆ ಕಾರಿನವರಿಗೆ ಕನ್ನಡದಲ್ಲಿ ಬೈಯುತ್ತ. ಅಂಥ ಬೈಗುಳದಲ್ಲಿ ಸುಜಯ್‌ಗೆ ನಿದ್ದೆ ಎಲ್ಲಿ ಬರಬೇಕು.

ಚೈತನ್ಯಾ ಅವರ ಹಿತ್ತಲಲ್ಲಿ ಗುಡಾರ ನಿಂತಿತ್ತು. ಮೇಲೆ ದಪ್ಪ ಕಂಬಳಿ, ಸುತ್ತ ಬಿಳಿ ಬಟ್ಟೆ ಕಟ್ಟಿದ ಅಂಗಳ. ಯಾರೂ ಹೇಳದಿದ್ದರೂ ಎಲ್ಲರೂ ಚಪ್ಪಲಿ ಬೂಟು ಹುಲ್ಲಿನ ಮೇಲೆ ಬಿಟ್ಟಿದ್ದರು. ಲೀಲಾ ಆಂಟಿ ಸೆರಗು ಹೊದ್ದು ಗುಡಾರಕ್ಕೆ ಒಂದು ಪ್ರದಕ್ಷಿಣೆ ಹಾಕಿಯೇಬಿಟ್ಟರು. ಅಂಕಲ್ ನೋಡುತ್ತ ನಿಂತಿದ್ದರು. "ಬನ್ನಿ ಡಾಕ್ಟ್ರೇ, ಬೇಕಾದ್ರೆ ಮೂರು ಸುತ್ತು ಬನ್ನಿ. ಹಗ್ಗ ಮಾತ್ರ ಎಡವಬೇಡಿ, ಗುಡಾರ ನಮ್ಮ ಮೇಲೆ ಬೀಳ್ತದೆ."

ನನ್ನ ತೆರೆ ಕಟ್ಟಿದಾಗ ಎಲ್ಲರೂ ಚೆನ್ನಾಗಿದೆ ಎಂದರು. ನಡುವಿನ ಹೊಲಿಗೆ ರೆಕ್ಕೆಯ ಕೆಳಗೆ ಹೋಗಿತ್ತು. ಗೊತ್ತಿದ್ದವರಿಗೆ ಮಾತ್ರ ಕಾಣುತ್ತದೆ.

ಆಗ ಅಂಕಲ್ ಹಣೆ ಚಚ್ಚಿಕೊಂಡರು. ತಿಂಗಳಿಡೀ ಕೂತು, ಹಲಗೆಗೆ ಚಿನ್ನದ ಬಣ್ಣ ಬಳಿದು ಮಾಡಿದ್ದ ಮಂಜೂಷ ವುಡ್‌ಲ್ಯಾಂಡ್ ಹಿಲ್ಸ್‌ನ ಗ್ಯಾರೇಜಿನಲ್ಲೇ ಉಳಿದಿತ್ತು. ಶಿವಕ್ಕ ಆಂಟಿ ಕಾರಿನಲ್ಲಿಟ್ಟಿದ್ದಾರೆಂದು ಅಂಕಲ್ ಅಂದುಕೊಂಡಿದ್ದರು, ಅಂಕಲ್ ಇಟ್ಟಿದ್ದಾರೆಂದು ಆಂಟಿ. ಮಕ್ಕಳು ಆಗಲೇ ಸಾಲು ನಿಂತಿದ್ದವು.

"ಎರಡನೇ ಗುಡಿ ಅಂದ್ಬುಡಿ" ಎಂದರು ಶಿವಕ್ಕ ಆಂಟಿ ತಣ್ಣಗೆ. "ನೀವೇ ಪಾಠ ಮಾಡಿದ್ದೀರಲ್ಲ, ಒಳಗೆ ಏನೂ ಇರಲಿಲ್ಲ ಅಂತ."

ಹಾಗಾಗಿ ಒಳಕೋಣೆ ಬರಿದೇ ಉಳಿಯಿತು. ನಾನು ತೆರೆಯ ಅಂಚು ಹಿಡಿದು ನಿಂತೆ. ಮಕ್ಕಳು ಒಬ್ಬೊಬ್ಬರಾಗಿ ಬಟ್ಟೆ ಸವರುತ್ತ ಪಕ್ಕಕ್ಕೆ ನಡೆದು, ನನ್ನ ಕೈಯ ಕೆಳಗೆ ನುಸುಳಿ ಒಳಗೆ ಹೋಗಿ ಬಂದವು. ಗಲಾಟೆ ಮಾಡುತ್ತ ಹೋದವು ಬರುವಾಗ ಮೆಲ್ಲಗಾಗಿದ್ದವು. ಮೇದಿನಿ ನನ್ನ ಕಿವಿಯಲ್ಲಿ, "ದೇರ್ ಈಸ್ ನಥಿಂಗ್, ಆಂಟಿ. ಬಟ್ ಇಟ್ಸ್ ನೈಸ್" ಎಂದಳು.

ಕಡೆಗೆ ಅಂಕಲ್, "ಸುಜಯ್, ನೀನೂ ಹೋಗಿ ಬಾರಪ್ಪ" ಎಂದರು. ಇವರು ನನ್ನನ್ನು ನೋಡಿ ಸಣ್ಣಗೆ ನಕ್ಕು, ತಲೆ ತಗ್ಗಿಸಿ ಒಳಗೆ ಹೋದರು.

ಬರಲಿಲ್ಲ.

ಮೊದಲು ಪ್ರಾರ್ಥನೆ ಮಾಡುತ್ತಿದ್ದಾರೆಂದುಕೊಂಡೆವು. ಅಂಕಲ್ ಏನೋ ತಮಾಷೆ ಮಾಡಿದರು. ಆಮೇಲೆ ಅವರೂ ಸುಮ್ಮನಾದರು. ಮಕ್ಕಳು ಸುಮ್ಮನಾದವು. "ಈಸ್ ಹಿ ಓಕೆ?" ಎಂದಳು ಮೇದಿನಿ.

"ರೀ" ಎಂದೆ. ಇನ್ನೊಮ್ಮೆ ಜೋರಾಗಿ ಕರೆದೆ.

ಏಪ್ರಿಲ್‌ನಲ್ಲಿ ಹೊಟ್ಟೆಯ ಮೇಲೆ ಸ್ಕ್ಯಾನಿನ ಸಾಧನ ಆಡಿಸುತ್ತ ಮಗಳ ಎದೆಬಡಿತ ಹುಡುಕುತ್ತಿದ್ದಾಗಲೂ ಕೋಣೆಯಲ್ಲಿದ್ದವರೆಲ್ಲ ಹೀಗೆಯೇ ಸುಮ್ಮನಾಗಿದ್ದರು. ಕನ್ನಡಿ ಕಿತ್ತುಹೋದ ಕಾರು ನೆನಪಾಯಿತು. ಯಾರನ್ನೂ ಕೇಳಲಿಲ್ಲ, ಅಂಚು ಎತ್ತಿ ಒಳಗೆ ಹೋದೆ.

ಕತ್ತಲೆ, ತಂಪು. ಕಣ್ಣು ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು. ಸುಜಯ್ ಕಂಬಕ್ಕೆ ಒರಗಿ, ಕಾಲು ಚಾಚಿ ಕೂತಿದ್ದರು. ಬಾಯಿ ತೆರೆದಿತ್ತು. ಗೊರಕೆ ಹೊಡೆಯುತ್ತಿದ್ದರು.

ಪಕ್ಕದಲ್ಲೇ ಕೂತೆ. ಕೈ ಅವರ ಎದೆಯ ಮೇಲಿಟ್ಟೆ. ಎಷ್ಟು ಬಡವಾಗಿದ್ದಾರೆ. ನಾನು ನೋಡಿಯೇ ಇರಲಿಲ್ಲ.

"ವಂದನಾ?" ಹೊರಗಿನಿಂದ ಅಂಕಲ್ ಕರೆದರು.

"ಮಲಗ್ಯಾರ್ರಿ ಅಂಕಲ್" ಎಂದೆ.

ಹೊರಗೆ ಒಮ್ಮೆಗೇ ನಗು. "ಮಹಾಪವಿತ್ರಸ್ಥಾನದಲ್ಲಿ ಗೊರಕೆನಾ!" ಎಂದರು ಅಂಕಲ್. "ಯಾರಾದ್ರೂ ಎಬ್ಬಿಸಿದ್ರೆ ನನ್ನಂಥ ಕೆಟ್ಟೋಳಿಲ್ಲ" ಎಂದರು ಲೀಲಾ ಆಂಟಿ. ಶಿವಕ್ಕ ಆಂಟಿ ಮಕ್ಕಳನ್ನು ಊಟಕ್ಕೆ ಅಟ್ಟಿಕೊಂಡು ಹೋದರು.

ನಾನೂ ಹೊರಗೆ ಬಂದು ಉಂಡೆ. ಸಂಜೆ ಬಿಸಿಲು ಇಳಿದಾಗ ಗಂಡಸರು ಗುಡಾರ ಬಿಚ್ಚಿದರು. ಅಂಗಳದ ಬಟ್ಟೆ ಸುತ್ತಿದರು, ಮುಂದಿನ ಕೋಣೆಯ ಕಂಬ ಕಿತ್ತರು, ಸದ್ದಿಲ್ಲದೆ, ಬೆಕ್ಕಿನ ಹೆಜ್ಜೆಯಲ್ಲಿ. ಒಳಕೋಣೆಯನ್ನು ಮಾತ್ರ ಮುಟ್ಟಲಿಲ್ಲ. ಖಾಲಿ ಹುಲ್ಲಿನ ನಡುವೆ ಅದೊಂದೇ ನಿಂತಿತ್ತು. ಒಳಗೆ ನನ್ನ ಗಂಡ ಮಲಗಿದ್ದರು.

ನವೆಂಬರ್ 30, ಶನಿವಾರ

ಬೆಳಿಗ್ಗೆ ಚಹಾ ಕುಡಿದ ಮೇಲೆ ಬ್ಯಾಟರಿ ತೆಗೆದುಕೊಂಡೆ, ಅಡುಗೆಮನೆಯ ಕುರ್ಚಿ ಎತ್ತಿಕೊಂಡೆ. ಸುಜಯ್ ಎದ್ದು ನಿಂತರು.

"ನಾನೂ ಬರ್ಲ್ಯಾ?"

"ಮೊದ್ಲ ನಾ ಒಬ್ಬಾಕಿ ಹೋಗತೀನಿ. ಭಾಳ ಹೊತ್ತು ನಿಲ್ಲಂಗಿಲ್ರಿ. ಹೆದರಬ್ಯಾಡ್ರಿ."

ಬಾಗಿಲು ಸ್ವಲ್ಪ ಬಿಗಿದುಕೊಂಡಿತ್ತು, ಭುಜ ಕೊಟ್ಟು ನೂಕಿದೆ. ಮುಚ್ಚಿಟ್ಟ ಗಾಳಿ, ಬಣ್ಣದ ವಾಸನೆ ಇನ್ನೂ ಇತ್ತು. ಗೋಡೆ ನಾನು ನೆನಪಿಟ್ಟುಕೊಂಡಿದ್ದಕ್ಕಿಂತ ಹಳದಿ. ಕಿಟಕಿಯ ಕಟ್ಟೆಯ ಮೇಲೆ ಧೂಳು. ಬೇರೆ ಏನೂ ಇರಲಿಲ್ಲ. ಅವಳಿಗೆಂದು ಒಂದು ದಾರದ ಎಳೆಯೂ ತಂದಿರಲಿಲ್ಲವಲ್ಲ, ಏನಿರಬೇಕು. ಜಾಗ ಇತ್ತು. ಅವಳ ಜಾಗ.

ಮನಸ್ಸಿನಲ್ಲೇ ಇಟ್ಟುಕೊಂಡಿದ್ದ ಹೆಸರನ್ನು ಬಾಯಿಬಿಟ್ಟು ಹೇಳಿದೆ. ಒಂದೇ ಸಲ. ಖಾಲಿ ಕೋಣೆಯಲ್ಲಿ ಅದು ದೊಡ್ಡದಾಗಿ ಕೇಳಿಸಿತು. ಇನ್ನೂ ನಿಲ್ಲಬೇಕೆನ್ನಿಸಿತು. ನಿಲ್ಲಲಿಲ್ಲ.

ಹೊರಗೆ ಸುಜಯ್ ಗೋಡೆಗೆ ಅಂಟಿಕೊಂಡು ನಿಂತಿದ್ದರು, ಮುಖ ಬಿಳುಪಾಗಿತ್ತು.

"ಏನೋ ಅಂದಂಗಿತ್ತು."

"ಹೆಸರು."

"ಯಾವ ಹೆಸರು?"

ಹೇಳಿದೆ. ಅವರು ಗೋಡೆ ಬಿಟ್ಟು ಬಾಗಿಲ ಹತ್ತಿರ ಬಂದು ಒಳಗೆ ನೋಡಿದರು. ಆಮೇಲೆ, "ನಾ ಬ್ಯಾರೆ ಇಟ್ಟಿದ್ದೆ" ಎಂದರು.

"ಯಾವುದ್ರಿ?"

ಅವರೂ ಹೇಳಿದರು. ಅವರ ಅಜ್ಜಿಯ ಹೆಸರು.

"ಅಯ್ಯ, ಇಲ್ಲಿ ಸಾಲ್ಯಾಗ ಯಾರಿಗೆ ಅದು ಅನ್ನಾಕ ಬರತಿತ್ರಿ? ಎಲ್ಲಾರೂ ನಗತಿದ್ರು."

"ನಗಲಿ. ನಮ್ಮಜ್ಜಿ ಬಂದು ಒದೀತಿದ್ಲು."

"ನಿಮ್ಮಜ್ಜಿಗೆ ವೀಸಾ ಯಾರು ಕೊಡತಿದ್ರು?"

ಹಾಗೆ ಜಗಳಾಡಿದೆವು, ಆ ಬಾಗಿಲಲ್ಲೇ ನಿಂತು. ಯಾವಾಗ ಇಬ್ಬರೂ ಅಳತೊಡಗಿದೆವೋ ಗೊತ್ತಾಗಲಿಲ್ಲ. ಎರಡೂ ಹೆಸರು ಇರಲಿ ಎಂದು ಒಪ್ಪಿದೆವು. ಅವನ್ನು ಇಲ್ಲಿ ಬರೆಯುವುದಿಲ್ಲ.

ಆಗ ತಲೆಯ ಮೇಲೆ ಕೀಂವ್ ಎಂದಿತು. ಬ್ಯಾಟರಿ ನನ್ನ ಮುಷ್ಟಿಯಲ್ಲೇ ಇತ್ತು. "ಹೋದ ಕೆಲಸ ಒಂದು ಬಿಟ್ಟು ಎಲ್ಲಾ ಮಾಡಿ ಬಂದಿ" ಎಂದು ಸುಜಯ್ ಕುರ್ಚಿ ಹತ್ತಿದರು. ನಾನು ಕೆಳಗೆ ಕುರ್ಚಿ ಹಿಡಿದುಕೊಂಡೆ.

ಡಿಸೆಂಬರ್ 3, ಮಂಗಳವಾರ

ಸುಜಯ್ ಬೆಳಿಗ್ಗೆ ಬಂದವರು ಹಿಂದಿನ ಕೋಣೆಯಲ್ಲಿ ಮಲಗಿದ್ದಾರೆ, ಮಗಳ ಕೋಣೆಯಲ್ಲಿ. ಹಾಸಿಗೆಯನ್ನು ಕಿಟಕಿಯ ಹತ್ತಿರ ಹಾಕದೆ ಒಂದು ಬದಿಗೆ ಹಾಕಿಕೊಂಡಿದ್ದಾರೆ. ನಡುವಿನ ಜಾಗ ಹಾಗೇ ಇದೆ. ಬಾಗಿಲು ಅರ್ಧ ತೆರೆದಿದೆ.

ಮಿಶನ್ ತೆಗೆಯಲಿಲ್ಲ. ಹೊರಗೆ ಕೂತು ಕೈಹೊಲಿಗೆ ಹಾಕುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ಲೀಲಾ ಆಂಟಿ ಬಂದು ಮೆಲ್ಲಗೆ ಬಾಗಿಲು ತಟ್ಟಿದರು.

"ಏನಮ್ಮಾ, ಬೆಳಿಗ್ಗೆಯಿಂದ ಸದ್ದೇ ಇಲ್ಲ. ಕೀಂವ್ ಇಲ್ಲ, ಮಿಶನ್ ಇಲ್ಲ. ಮನೇಲಿ ಯಾರೂ ಇಲ್ವೇನೋ ಅಂದ್ಕೊಂಡೆ."

"ಇದ್ದೀವ್ರಿ ಆಂಟಿ" ಎಂದೆ, ದನಿ ತಗ್ಗಿಸಿ. "ಎಲ್ಲಾರೂ ಇದ್ದೀವಿ. ಒಳಗ ಬರ್ರಿ."